ಕಂಬಳಿಯ ಮೇಲಿನ ಬೋಲ್ಟುಗಳು

ಹೊಸ ಬಂದೂಕುಗಳದ್ದು ಒಂದು ಕುಟುಂಬವೇ. ಗಾಡಿಯೊಳಗೆ ಕೂರುವವರಿಗೆ ಗಿಡ್ಡದು, ನಡೆದು ಹೋಗುವವರಿಗೆ ನಡುವಿನದು, ದೂರಕ್ಕೆ ಹೊಡೆಯುವವರಿಗೆ ಉದ್ದ ನಳಿಗೆಯದು. ಆದರೆ ಒಂದೇ ಬಸಿರಿನ ಮಕ್ಕಳು. ಒಂದರ ಅಂಗಿ ಇನ್ನೊಂದಕ್ಕೆ ಆಗಲೇಬೇಕು. ಇವತ್ತಿನ ಪರೀಕ್ಷೆಯಲ್ಲಿ ಗೆದ್ದರೆ ಸೈನ್ಯವೆಲ್ಲ ಇವನ್ನೇ ಹೊರುತ್ತದೆ, ಸೋತರೆ ಕಾರ್ಖಾನೆಗೆ ಬೀಗ ಎಂದು ಫೋರ್‌ಮನ್ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದ.

ಹಿರಿಯ ಫಿಟ್ಟರ್ ಗೋಡೆಯ ನೆರಳಿಗೆ ನಿಂತಿದ್ದ. ಗುಂಡು ಹಾರಿಸಲು ಬಂದ ಸಿಪಾಯಿಗಳಲ್ಲಿ ಅವನ ಅಳಿಯನೂ ಇದ್ದ.

"ಏನ್ ಮಾವ, ನಮ್ಮ ಮದುವೇಲೂ ಇಷ್ಟು ಬೆವರಿರಲಿಲ್ಲ ನೀವು."

"ಅವತ್ತು ಪರೀಕ್ಷೆಗೆ ನಿಂತಿದ್ದು ನಿಮ್ಮಪ್ಪನ ಮಾಲು. ಇವತ್ತು ನಂದು."

ಅಷ್ಟರಲ್ಲಿ ಪರೀಕ್ಷಾಧಿಕಾರಿ ನೆಲಕ್ಕೆ ಕಂಬಳಿ ಹಾಸಿಸಿದ. ಬಂದೂಕುಗಳನ್ನೆಲ್ಲ ಬಿಚ್ಚಿಸಿ ಅದರ ಮೇಲೆ ಹಾಕಿಸಿ, ಬಿಡಿಭಾಗಗಳನ್ನು ತಾನೇ ಕೈಯಾರೆ ಬೆರೆಸಿದ. "ಕೈಗೆ ಸಿಕ್ಕಿದ್ದು ಹಾಕಿ ಜೋಡಿಸಿ."

ಫಿಟ್ಟರ್ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಹಳೆಯ ಬಂದೂಕುಗಳ ಕಾಲದಲ್ಲಿ ಒಂದೊಂದರ ಬೋಲ್ಟನ್ನೂ, ಅಂದರೆ ಗುಂಡಿನ ಹಿಂದೆ ಬೀಳುವ ಉಕ್ಕಿನ ಅಗುಳಿಯನ್ನು, ಅದರದರ ಗೂಡಿಗೆ ಒಪ್ಪುವಂತೆ ಅರದಿಂದ ಸವರುವುದೇ ಅವನ ಕೆಲಸವಾಗಿತ್ತು. ಹೊಸದಕ್ಕೆ ಅರ ಮುಟ್ಟಿಸಕೂಡದು ಎಂದು ಅವನೇ ಹೊಸಬರಿಗೆ ಗದರಿದ್ದ. ಆದರೂ ಮೊನ್ನೆ ಒಂದು ಗಿಡ್ಡ ಬಂದೂಕಿನ ಬೋಲ್ಟು ಬಿಗಿಯಾಯಿತೆಂದು, ಮಗುವಿನ ಉಗುರು ತೆಗೆಯುವಷ್ಟು ಅಕ್ಕರೆಯಿಂದ, ಸವರಿಬಿಟ್ಟಿದ್ದ. ತನ್ನ ಗೂಡಿನಲ್ಲಿ ಅದು ಬೆಣ್ಣೆಯಂತೆ ಓಡುತ್ತಿತ್ತು. ಬೇರೆ ಗೂಡಿನಲ್ಲಿ ಸಡಿಲ. ಗುಂಡಿನ ಸಿಡಿತ ಹಿಂದಕ್ಕೆ, ಹಾರಿಸುವವನ ಮುಖಕ್ಕೇ ಬಡಿಯಬಹುದು.

ಜೋಡಿಸಿದ ಬಂದೂಕುಗಳು ಸಿಪಾಯಿಗಳ ಕೈ ಸೇರಿದವು. ಅಳಿಯ ಆಗಲೇ ಬೋರಲು ಮಲಗಿ, ಕೆನ್ನೆಯನ್ನು ಬಂದೂಕಿಗೆ ಒತ್ತಿದ್ದ.

"ಸಾರ್, ಸ್ವಲ್ಪ ನಿಲ್ಲಿಸಿ," ಎಂದು ಫಿಟ್ಟರ್ ಅಧಿಕಾರಿಯನ್ನು ಕೂಗಿದ.

ಫೋರ್‌ಮನ್ ಅವನ ತೋಳು ಹಿಡಿದು ಪಿಸುಗುಟ್ಟಿದ. "ಸುಮ್ನಿರಯ್ಯಾ, ಎಲ್ಲರ ಹೊಟ್ಟೆ ಮೇಲೆ ಹೊಡೀಬೇಡ."

"ಒಂದು ಬೋಲ್ಟಿಗೆ ನಾನು ಅರ ಹಾಕಿದೀನಿ ಸಾರ್. ಯಾವುದರಲ್ಲಿ ಕೂತಿದೆಯೋ ಗೊತ್ತಿಲ್ಲ."

ಬೋಲ್ಟುಗಳು ಮತ್ತೆ ಕಂಬಳಿಗೆ ಬಂದವು, ಸಿಪಾಯಿಗಳು ಮಲಗಿದ್ದ ಸಾಲಿನಂತೆಯೇ. ಅವನು ಮೊದಲು ಅಳಿಯನದನ್ನೇ ಎತ್ತಿ ಹೆಬ್ಬೆರಳು ಆಡಿಸಿದ. ಅರದ ಗುರುತಿರಲಿಲ್ಲ. ಹೋದ ಜೀವ ಬಂದಂತಾಯಿತು. ಆಮೇಲೆ ಒಂದೊಂದಾಗಿ ಮುಟ್ಟುತ್ತ ಹೋದ. ಹೆಬ್ಬೆರಳು ತಡೆದು ನಿಂತದ್ದು ಆ ತುದಿಯಲ್ಲಿ ಮಲಗಿದ್ದ, ಅವನಿಗೆ ಗುರುತೇ ಇಲ್ಲದ ಒಬ್ಬ ಸಣಕಲು ಸಿಪಾಯಿಯ ಬೋಲ್ಟಿನ ಮೇಲೆ.

"ನಂದಾ?" ಎಂದ ಆ ಸಿಪಾಯಿ. "ಇಷ್ಟು ವರ್ಷ ಒಂದು ಲಾಟರೀನೂ ಹೊಡೆದಿರಲಿಲ್ಲ ನಂಗೆ." ನಗಲು ಹೋಗಿ, ನಗೆ ಬಾರದೆ ಕೆನ್ನೆ ಸವರಿಕೊಂಡ.

ಅಧಿಕಾರಿ ಬೋಲ್ಟನ್ನು ಅಂಗೈಯಲ್ಲಿ ತೂಗಿ ನೋಡಿದ. "ಇಂಥದ್ದು ಇದೊಂದೇನಾ?"

ಒಂದೇ ಸಾರ್ ಎಂಬ ಮಾತು ಫಿಟ್ಟರನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನು ತನ್ನ ಕೈ ನೋಡಿಕೊಂಡ. ಪಕ್ಕದವನ ಜೊತೆ ಹರಟುತ್ತ ಕೂತ ಹೊತ್ತಿನಲ್ಲೆಲ್ಲ, ತನ್ನನ್ನು ಕೇಳದೆ, ಅದು ಇನ್ನೇನೇನು ಸವರಿದೆಯೋ.

"ಗೊತ್ತಿಲ್ಲ ಸಾರ್."

ಫೋರ್‌ಮನ್ ತಲೆಯ ಮೇಲೆ ಕೈ ಹೊತ್ತು ಕೂತ. ಅಧಿಕಾರಿ ಪರೀಕ್ಷೆ ನಿಲ್ಲಿಸಿ, ಉಗ್ರಾಣದಲ್ಲಿದ್ದ ಬೋಲ್ಟಿನ ಪೆಟ್ಟಿಗೆಗಳನ್ನೆಲ್ಲ ತರಿಸಲು ಹೇಳಿದ. ಒಂದರ ಹಿಂದೊಂದು ಪೆಟ್ಟಿಗೆ ಬರುತ್ತಲೇ ಇತ್ತು. ಫಿಟ್ಟರ್ ಮೊದಲನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆವತ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡ.