ಪೊರಕೆಗೆ ಸಂಬಂಧಪಟ್ಟವರು

ತುತ್ತೂರಿ ಚಿಕ್ಕಮ್ಮ ಒಂದು ಮಧ್ಯಾಹ್ನ ಇಡೀ ಪುರಸಭೆಯನ್ನು ಒಬ್ಬಳೇ ಆಳಿದಳು. ಸುಳ್ಳಲ್ಲ, ಅವಳೇ ಹೇಳಿದ್ದು.

ಬೀದಿ ಗುಡಿಸುವವರಿಗೆ ಪುರಸಭೆ ಹೊಸ ಪೊರಕೆ ಕೊಟ್ಟಿತ್ತು. ಅದೆಂಥ ಪೊರಕೆ ಅಂತೀರಿ. ಕಸ ಕಂಡರೆ ತಾನೂ ಕಸವಾಗುತ್ತಿತ್ತು. ಒಂದು ಸಲ ಬೀಸಿದರೆ ಬೀದಿ ತುಂಬ ಅದರದೇ ಕಡ್ಡಿ. ಚಿಕ್ಕಮ್ಮ ಪೊರಕೆಯಿಂದ ಪೊರಕೆಯನ್ನೇ ಗುಡಿಸುತ್ತಿದ್ದಳು. ಬೀದಿ ಚೊಕ್ಕಟವಿಲ್ಲವೆಂದು ಮೇಸ್ತ್ರಿ ಅವಳ ಕೂಲಿ ಕತ್ತರಿಸಿದ. ಪೊರಕೆ ಸರಿಯಿಲ್ಲ ಎಂದರೆ, ಕೈ ಸರಿಯಿಲ್ಲ ಎಂದ.

ಪೊರಕೆ ಬಂದದ್ದು ಅಧ್ಯಕ್ಷರ ಭಾವಮೈದನ ಅಂಗಡಿಯಿಂದ. ಅದೇ ಅಂಗಡಿ ಆಗಬೇಕೆಂದು ಮೊದಲು ಕೈಯೆತ್ತಿದವರೂ ಅಧ್ಯಕ್ಷರೇ. ಇನ್ನೊಂದು ಲಾರಿ ಪೊರಕೆ ಕೊಳ್ಳಲು ಆ ದಿನ ಸಭೆಯಿತ್ತು. ಅದೂ ಬಂದರೆ ಚಿಕ್ಕಮ್ಮನ ಉಳಿದ ಕೂಲಿಯೂ ಗುಡಿಸಿಹೋಗುತ್ತಿತ್ತು.

ಸಂಜೆ ಕಸದ ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಗುಡಿಸುವವರೆಲ್ಲ ಕಾಲು ಚಾಚಿ ಕೂತಾಗ ಅವಳು ಶುರು ಹಚ್ಚಿಕೊಂಡಳು. ತಾನು ಸಭೆಯ ಬಾಗಿಲು ದೂಡಿದ ರಭಸಕ್ಕೆ ಫ್ಯಾನು ತಿರುಗುವುದನ್ನೇ ಮರೆಯಿತಂತೆ. ಸೊಂಟಕ್ಕೆ ಕೈಯಿಟ್ಟು ಒಂದೇ ಮಾತು ಕೇಳಿದಳಂತೆ:

"ಪೊರಕೆಗೆ ಸಂಬಂಧಪಟ್ಟೋರು ಅದನ್ನ ಕೊಳ್ಳೋ ಸಭೇಲಿ ಕೂರಬಾರ್ದು, ಎದ್ದು ಹೊರಗೆ ಹೋಗ್ಬೇಕು ಅಂತ ನಿಮ್ಮದೇ ರೂಲ್ಸಲ್ವಾ?"

ಅಧ್ಯಕ್ಷರು ಬೆವರೊರೆಸಿಕೊಂಡು ಎದ್ದರಂತೆ. ಹಿಂದೆಯೇ ಉಪಾಧ್ಯಕ್ಷರು, ಪೊರಕೆ ತಂದ ಲಾರಿ ಅವರ ಮಗನದು. ಗೋದಾಮು ಇನ್ನೊಬ್ಬರ ಮಾವನದು. ಕಡ್ಡಿ ಕಟ್ಟುವ ದಾರ ಮತ್ತೊಬ್ಬರ ಸೊಸೆಯದು. ಬಾಗಿಲಲ್ಲಿ ಹೊಟ್ಟೆಗೆ ಹೊಟ್ಟೆ ಸಿಕ್ಕಿಕೊಂಡು, ಅಂತೂ ಎಲ್ಲರೂ ಹೊರಬಿದ್ದು, ಒಳಗೆ ಉಳಿದವಳು ಚಿಕ್ಕಮ್ಮ ಒಬ್ಬಳೇ. ಅಧ್ಯಕ್ಷರ ಕುರ್ಚಿಯಲ್ಲಿ ಕೂತು, ಗಿರ್ರನೆ ಒಂದು ಸುತ್ತು ತಿರುಗಿ, ಪೊರಕೆಯನ್ನು ರದ್ದು ಮಾಡಿದಳಂತೆ. ಕೈಯೆತ್ತಿದವಳೂ ಅವಳೇ, ಚಪ್ಪಾಳೆ ತಟ್ಟಿದವಳೂ ಅವಳೇ.

ಶೆಡ್ಡು ನಕ್ಕು ನಕ್ಕು ಸುಸ್ತಾಯಿತು. ಕಸದ ಗಾಡಿ ತಳ್ಳುವ ಅವಳ ನಾದಿನಿ ಮಾತ್ರ ನಗಲಿಲ್ಲ.

"ಅತ್ತಿಗೆ, ರದ್ದಾದ ಪೊರಕೆ ನಿನ್ನ ಮಡಿಲಲ್ಲಿ ಯಾಕೆ ಕೂತಿದೆ?"

ಚಿಕ್ಕಮ್ಮ ಅದನ್ನು ಬೆನ್ನ ಹಿಂದೆ ಅಡಗಿಸಲು ಹೋದಳು. ಪೊರಕೆ ಅಷ್ಟು ದೂರಕ್ಕೂ ಕಡ್ಡಿ ಉದುರಿಸಿಕೊಂಡು ಹೋಗಿ ಸಾಕ್ಷಿ ಹೇಳಿತು.

"ಕೇಳಿದ್ದು ನಿಜ ಕಣೆ," ಎಂದಳು, ದನಿ ತಗ್ಗಿಸಿ. "ಯಾರೂ ಏಳ್ಲಿಲ್ಲ. ಅಧ್ಯಕ್ಷರು ನಕ್ಕರು. 'ನಮ್ಮಲ್ಲಿ ಪೊರಕೆ ಮುಟ್ಟಿದೋರು ಯಾರಿದ್ದಾರಮ್ಮ, ದಿನಾ ಹಿಡಿಯೋಳು ನೀನು, ಸಂಬಂಧಪಟ್ಟೋಳೂ ನೀನೇ, ನಡಿ ಹೊರಗೆ' ಅಂದ್ರು. ರೂಲ್ಸ್ ಪ್ರಕಾರ ನನ್ನನ್ನೇ ಹೊರಗೆ ಹಾಕಿದ್ರು. ಲಾರಿ ನಾಳೆ ಬರುತ್ತೆ."

ಹಾಗಾದರೆ ಕುರ್ಚಿಯೂ ಸುಳ್ಳಾ, ಎಂದು ನಾದಿನಿ ಮೆಲ್ಲಗೆ ಕೇಳಿದಳು.

"ಅದು ನಿಜ. ಅವರು ಬರೋಕೆ ಮುಂಚೆ ಸಭೆಯ ನೆಲ ಗುಡಿಸೋಕೆ ಹೋಗಿದ್ನಲ್ಲ, ಕೂತು ನೋಡ್ದೆ. ನಮ್ಮ ಭಾರಕ್ಕೂ ತಿರುಗುತ್ತೆ ಕಣೆ."