ಅಪ್ಪ ತಂದ ಮೆಣಸಿನ ಕೊಳಂಬು

ಒಂದು ತೊಟ್ಟು ನಾಲಿಗೆಗೆ ಬಿದ್ದದ್ದೇ ತಡ, ಕನ್ನಿಯಮ್ಮಾಳ್ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಳು. ಆ ಕೊಳಂಬುಸಾರಿನ ಡಬ್ಬಿ ಹಿಡಿದು ಸಿಂಗಾನಲ್ಲೂರಿನಿಂದ ತಿರುಪ್ಪೂರಿಗೆ ಬಸ್ಸಿನಲ್ಲಿ ಬಂದಿದ್ದ ಬೀಗ ಲಿಂಗಪ್ಪನ್ ಎದುರಿಗೇ ನಿಂತಿದ್ದ, ಪಾಪ.

"ಎಷ್ಟು ಮೆಣಸು ಹಾಕಿದ್ರಿ ಅಣ್ಣಾ?"

"ಒಂದು ಹಿಡಿ, ತಂಗಚ್ಚಿ."

"ಐಯ್ಯೋ! ಹತ್ತು ಮೆಣಸಿದ್ರೆ ವಿಷಾನೂ ಇಳೀತದೆ, ಹಗೆಯವನ ಮನೇಲೂ ಉಣ್ಬೋದು ಅಂತಾರೆ. ನೀವು ಬಂದಿರೋದು ಸಂಬಂಧಿ ಮನೆಗೆ!"

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಆದರೆ ಲಿಂಗಪ್ಪನ್‌ನ ಮಗಳು, ಈ ಮನೆಯ ಸೊಸೆ ಗೋಮತಿಯ ತಾಯಿ ತೀರಿಕೊಂಡು ಎರಡು ವರ್ಷ. "ಹೆಂಗಸಿಲ್ಲದ ಮನೆಗೆ ಹಸೀ ಬಾಣಂತೀನ ಹೆಂಗೆ ಕಳಿಸ್ಲಿ? ಅವಳಿಗೆ ಮೆಣಸಿನಕಾಯಿ ಸೋಕಂಗಿಲ್ಲ. ವಾಯು ಇಳೀಬೇಕು, ಹಸಿವು ಹುಟ್ಬೇಕು ಅಂದ್ರೆ ಕರಿಮೆಣಸಿನ ಕೊಳಂಬೇ ಆಗ್ಬೇಕು. ಅಲ್ಲಿ ಯಾರು ಮಾಡ್ತಾರೆ?" ಎಂದಿದ್ದಳು ಕನ್ನಿಯಮ್ಮಾಳ್. "ನಾನೇ ಮಾಡಿ ತೋರಿಸ್ತೀನಿ" ಎಂದು ಊರಿಗೆ ಹೋಗಿದ್ದ ಲಿಂಗಪ್ಪನ್. ನಲವತ್ತು ವರ್ಷ ಮಗ್ಗದ ಮುಂದೆ ಕೂತವನಿಗೆ ಒಲೆಯ ಹದ ಎಲ್ಲಿಂದ ಬರಬೇಕು?

ಮಂಚದ ಮೇಲಿದ್ದ ಗೋಮತಿ ಕೈ ಚಾಚಿದಳು. "ಕೊಡಿ ಅತ್ತೆ, ಉಣ್ತೀನಿ. ಅಮ್ಮಂದೂ ಹಿಂಗೇ ಇರ್ತಿತ್ತು."

"ಸುಮ್ನಿರು ಕಂದಾ. ನಿಮ್ಮಮ್ಮನ ಕೈಯೂಟ ನಾನೂ ಉಂಡಿದೀನಿ."

ಲಿಂಗಪ್ಪನ್ ಡಬ್ಬಿಯ ಮುಚ್ಚಳ ಹಾಕಿದ. "ಆಗ್ಲಿ ತಂಗಚ್ಚಿ, ಅವಳು ಇಲ್ಲೇ ಇರ್ಲಿ. ಅವಳಮ್ಮನ ಸೀರೇಲಿ ತೊಟ್ಲು ಕಟ್ಟಿಬಿಟ್ಟಿದ್ದೆ, ಅಷ್ಟೇ. ಬಿಚ್ಚಿದ್ರಾಯ್ತು."

ಕನ್ನಿಯಮ್ಮಾಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಹೆಂಗಸಿಲ್ಲದ ಮನೆ ಎನ್ನುವುದು ಬಾಯಿಮಾತು. ನಿಜವಾಗಿ ಅವಳಿಗೆ ಕೂಸನ್ನು ಕಳಿಸಲು ಮನಸ್ಸಿರಲಿಲ್ಲ. ಮೂವರು ಗಂಡುಮಕ್ಕಳನ್ನೇ ಹೆತ್ತವಳು. ಹನ್ನೊಂದು ದಿನದಲ್ಲಿ ಈ ಹೆಣ್ಣುಕೂಸು ಅವಳನ್ನು ಕಟ್ಟಿಹಾಕಿತ್ತು.

"ಬನ್ನಿ ಒಳಗೆ" ಎಂದು ಅವನನ್ನು ಅಡುಗೆಮನೆಗೆ ಕರೆದೊಯ್ದಳು. ಬೀಗ ಬೀಗಿತ್ತಿ ಒಂದೇ ಒಲೆಯ ಮುಂದೆ ನಿಂತದ್ದನ್ನು ಆ ಮನೆ ಎಂದೂ ಕಂಡಿರಲಿಲ್ಲ.

"ಉರಿ ಸಣ್ಣಗಿರ್ಲಿ. ಮೆಣಸು ಎಣಿಸಿ ಹಾಕಿ, ಹದಿನೈದೇ. ಮೆಣಸಿನಕಾಯಿ ಆಮೇಲೆ ಹಡಗಲ್ಲಿ ಬಂದಿದ್ದಂತೆ. ಅದಕ್ಕೆ ಮುಂಚೆ ನಮ್ಮೋರಿಗೆ ಖಾರ ಅಂದ್ರೆ ಇದೊಂದೇ. ಅವಸರ ಮಾಡಿದ್ರೆ ಸೀದು ಕಹಿಯಾಗ್ತದೆ."

ಲಿಂಗಪ್ಪನ್ ಎಳೆ ಎಣಿಸುವವನಂತೆ ಕಾಳು ಎಣಿಸಿದ. ಹುರಿದ, ಬೆಳ್ಳುಳ್ಳಿ ಹುಣಸೆ ಸೇರಿಸಿ ಅರೆದ, ಕುದಿಸಿದ. ಕನ್ನಿಯಮ್ಮಾಳ್ ಕೈ ಕಟ್ಟಿ ನಿಂತಳೇ ಹೊರತು ಸೌಟು ಮುಟ್ಟಲಿಲ್ಲ. ಕೊನೆಗೆ ರುಚಿ ನೋಡಿ, ಬಿಸಿ ಅನ್ನಕ್ಕೆ ಕಲಸಿ ಸೊಸೆಯ ಮುಂದಿಟ್ಟಳು.

ಗೋಮತಿ ತಟ್ಟೆ ಖಾಲಿ ಮಾಡಿ, "ಇನ್ನೊಂಚೂರು ಅಪ್ಪಾ" ಎಂದಳು. ಹೆರಿಗೆಯಾದಾಗಿನಿಂದ ಅವಳು ಎರಡನೇ ಸಲ ಅನ್ನ ಕೇಳಿದ್ದು ಅದೇ ಮೊದಲು.

ಕನ್ನಿಯಮ್ಮಾಳ್ ಕೂಸನ್ನೆತ್ತಿ ಸ್ವಲ್ಪ ಹೊತ್ತು ಎದೆಗೊತ್ತಿಕೊಂಡಳು. ಆಮೇಲೆ ಅಜ್ಜನ ಕೈಗಿಟ್ಟಳು.

"ಭೂಪತಿ, ಸಿಂಗಾನಲ್ಲೂರಿಗೆ ಹೋಗೋಕೆ ಕಾರಿಗೆ ಫೋನ್ ಮಾಡಪ್ಪ" ಎಂದು ಮಗನಿಗೆ ಹೇಳಿ, ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ಹೋದಳು. ಹಗ್ಗದ ಮೇಲಿದ್ದ ಕೂಸಿನ ಬಟ್ಟೆಗಳನ್ನು ಒಂದೊಂದಾಗಿ ಕೆನ್ನೆಗೊತ್ತಿ ನೋಡಿ ಮಡಚಿದಳು. ಎಲ್ಲವೂ ಒಣಗಿದ್ದವು. ಆದರೂ ಒಂದು ಪುಟ್ಟ ಅಂಗಿಯನ್ನು ಹಗ್ಗದ ಮೇಲೇ ಬಿಟ್ಟು ಒಳಬಂದಳು.