ಲಾರಿಯ ಟೆಂಪ್ಲೇಟು

“ನಿಮ್ಮವ್ವಗ ಹೆಸರು ಬ್ಯಾರೆ ಕೇಡು! ನಂಬರ್ ಹಾಕು, ಸಾಕು,” ಎಂದು ಮುರುಗೇಶ್ ಗುಟ್ಕಾ ಉಗುಳಿದ. ಅರ್ಧ ಕಸದ ಬುಟ್ಟಿಗೆ ಬಿತ್ತು, ಅರ್ಧ ಜಂಬಮ್ಮನ ಚಪ್ಪಲಿಯ ಪಕ್ಕಕ್ಕೆ.

ಹೊಸಪೇಟೆಯ ಆ ಗಣಿ ಕಚೇರಿಗೆ ಅವನು ಮ್ಯಾನೇಜರು. ಡಿಪ್ಲೊಮಾ ಮುಗಿಸಿದ ಜಂಬಮ್ಮ ಅಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವಳು. ಅವಳ ತಾಯಿ ವಿರುಪಮ್ಮ ಬಂಡ್ರಿ ಹತ್ತಿರ ಅದೇ ಕಂಪನಿಯ ಗಣಿಯಲ್ಲಿ ಅದಿರು ಒಡೆಯುವವಳು. ಮೂರು ದಿನದ ಹಿಂದೆ ಕಲ್ಲುರುಳಿ ಬಲಗೈಯ ನಾಲ್ಕು ಬೆರಳು ಹೋಗಿದ್ದವು.

ಮಧ್ಯಾಹ್ನ ಕಾರ್ಮಿಕ ಅಧಿಕಾರಿ ಬರುವವರಿದ್ದರು. ಅಷ್ಟರೊಳಗೆ ಕೂಲಿಯವರ ಪಟ್ಟಿ ಕಂಪನಿಯ ವೆಬ್‌ಸೈಟಿನಲ್ಲಿ ಕಾಣಬೇಕಿತ್ತು.

“ಲಾರಿಗೆ ಮಾಡಿದ ಟೆಂಪ್ಲೇಟ್ ಐತಲ್ಲ, ಅದನ್ನ ಕಾಪಿ ಹೊಡಿ. ಜಲ್ದಿ.”

ಆ ಟೆಂಪ್ಲೇಟನ್ನು ಕಟ್ಟಿದವಳು ಅವಳೇ. ಪಾಸ್‌ವರ್ಡಿನ ಪುಟ, ದಾಖಲೆ ತುಂಬುವ ಪುಟ, ಹುಡುಕುವ ಪುಟ, ಎಲ್ಲ ಒಮ್ಮೆ ಬರೆದಿಟ್ಟರೆ ಹೊಸ ಕೆಲಸಕ್ಕೂ ಅದೇ ಅಡಿಪಾಯ. ಬೇಕಾದ ಕಾಲಂಗಳನ್ನು ಮಾತ್ರ ಬದಲಿಸಬೇಕು. ಮುರುಗೇಶ್ ಅದಕ್ಕೂ ಬಿಡಲಿಲ್ಲ. ಗಾಡಿ ನಂಬರಿನ ಜಾಗದಲ್ಲಿ ಕೂಲಿ ನಂಬರು ಬಂತು. ಗಾಡಿಯ ಸ್ಥಿತಿಗೆ ಇದ್ದದ್ದು ಮೂರೇ ಆಯ್ಕೆ: ಓಡುತ್ತಿದೆ, ರಿಪೇರಿ, ಗುಜರಿ.

“ಸಾರ್, ಗಾಯ ಆದೋರಿಗೆ ಒಂದು ಕಾಲಂ ಸೇರಸ್ತೀನ್ರಿ. ಐದು ನಿಮಿಷ.”

“ಯಾರಿಗಲೇ ಗಾಯ? ನಿಮ್ಮವ್ವನ್ನ ಗುಜರಿಗೆ ಹಾಕು.”

“ಹಂಗ ಹಾಕಿದ್ರ ನಂಬರು ಪಟ್ಟಿಯಿಂದನ ಹೋಗತೈತ್ರಿ, ಗಣಿಯಾಗ ಕೆಲಸಕ್ಕಿದ್ಲು ಅನ್ನೂದಕ್ಕ ಗುರುತೇ ಉಳಿಯಂಗಿಲ್ರಿ. ಆಸ್ಪತ್ರ್ಯಾಗ ಕಂಪನಿ ಚೀಟಿ ಕೇಳಾಕತ್ತಾರ.”

“ಬೆರಳಿಲ್ಲದಾಕಿಗೆ ಎಂಥಾ ಚೀಟಿ? ಕಂಪ್ಯೂಟರ್ ಮುಂದ ಕುಂದ್ರಿಸಿದ್ದಕ್ಕ ನಿಮ್ಮ ಕೇರಿಯೋರಿಗೆ ಸೊಕ್ಕು ಭಾಳ ಆಗೈತಿ.”

ಬೆವರು ನಾರುವ ಕಂಕುಳು ಅವಳ ಮುಖದ ಮುಂದೆಯೇ ಬರುವಂತೆ ಬಾಗಿ, ಮೌಸ್ ಕಿತ್ತುಕೊಂಡು ತಾನೇ ಒತ್ತಿದ. ಅವಳವ್ವನ ಕೂಲಿ ನಂಬರು ಮೂವತ್ತೇಳು: ಗುಜರಿ. ಅವಳು ಮುಟ್ಟಿದ್ದ ಮೌಸ್ ಹಿಡಿದದ್ದಕ್ಕೆ ಎರಡು ಸಲ ಸೋಪು ಹಚ್ಚಿ ಕೈ ತೊಳೆದು ಬಂದು, ಎದುರು ಮೇಜಿನಲ್ಲಿ ಬಿರಿಯಾನಿ ಪೊಟ್ಟಣ ಬಿಚ್ಚಿದ.

ಗುಟ್ಕಾ, ಬೆವರು, ಮಸಾಲೆಯ ನಾತ ಕೋಣೆ ತುಂಬಿತು. ತಾನು ಕಟ್ಟಿದ ಪುಟದಲ್ಲೇ ಅವ್ವ ಗುಜರಿಯಾಗಿದ್ದಳು. ತನ್ನ ಕೈಗಳನ್ನು ನೋಡಿಕೊಳ್ಳಲೂ ಹೇಸಿಗೆಯಾಯಿತು.

ಸೈಟಿನ ಎಲ್ಲ ಪುಟಗಳ ನೆತ್ತಿಯ ಮೇಲೂ ಕಂಪನಿಯ ಹೆಸರು ತೋರಿಸುವುದು ಒಂದೇ ಫೈಲು. ಅದರಲ್ಲಿ ಬರೆದದ್ದು ಎಲ್ಲ ಕಡೆಯೂ ಬರುತ್ತದೆ. ಅವನು ಮೂಳೆ ಚೀಪುತ್ತಿರುವಾಗಲೇ ಅವಳು ಅದನ್ನು ತೆರೆದಳು. ವಿರುಪಮ್ಮ, ನಾಲ್ಕು ಬೆರಳು. ಅವಳದೇ ಹೆಸರಿನ ಕೂಲಿ ಜಂಬವ್ವ, ಎಡಗಣ್ಣು. ಹುಸೇನಪ್ಪ, ಸತ್ತ. ಅವ್ವನ ಬಾಯಿಂದ ಕೇಳಿದ್ದ ಹನ್ನೊಂದು ಜನ, ತಾರೀಖಿನ ಸಮೇತ. ಬೇರೆಯವರು ಅಳಿಸದಂತೆ ಆ ಫೈಲು ತಿದ್ದುವ ಪಾಸ್‌ವರ್ಡನ್ನೂ ಬದಲಿಸಿದಳು.

ಮೂರು ಗಂಟೆಗೆ ಗಣಿ ಮಾಲೀಕ ಗಾದಿಲಿಂಗಪ್ಪ ಅಧಿಕಾರಿಯನ್ನು ಕರೆತಂದ. ಮುರುಗೇಶ್ ಕೂಲಿ ಪಟ್ಟಿ ತೆರೆದ. ನೆತ್ತಿಯ ಮೇಲೆ ಹನ್ನೊಂದು ಹೆಸರುಗಳು. ಗಾಬರಿಯಾಗಿ ಲಾರಿ ಪುಟಕ್ಕೆ ಹಾರಿದ. ಅಲ್ಲೂ ಅವೇ. ಅಧಿಕಾರಿ ಗೋಡಂಬಿ ಅಗಿಯುತ್ತ ಕಿಟಕಿಯ ಕಡೆ ಮುಖ ತಿರುಗಿಸಿದರು.

“ಅಳಿಸು, ರಂಡೆ!” ಮಾಲೀಕ ಅರಚಿದ.

“ಅಳಿಸಂಗಿಲ್ಲ.”

ಮುರುಗೇಶ್ ವೈರು ಕಿತ್ತ. ಕತ್ತಲಾದದ್ದು ಆ ಒಂದು ಪರದೆ ಮಾತ್ರ. ಫೋನು ಬಡಿದುಕೊಂಡಿತು. ಮಾಲೀಕ ಸ್ಪೀಕರ್ ಒತ್ತಿದ.

“ಸಾರ್, ಬಂಡ್ರಿ ಗೇಟಿನ್ಯಾಗ ಲಾರಿ ಲೆಕ್ಕ ಬರಿಯೋ ಸುಂಕಪ್ಪ ರೀ. ಲಾರಿ ಪುಟದ ಮ್ಯಾಗ ನಮ್ಮೋರ ಹೆಸರು ಬರಾಕತ್ತಾವು. ನಾ ಓದಿದ್ದು ಕೇಳಿ ಎಲ್ಲಾರೂ ಕೆಲಸ ಬಿಟ್ಟು ಬಂದು ಗೇಟಿಗೆ ಅಡ್ಡ ನಿಂತಾರ. ಇನ್ನೊಮ್ಮೆ ಓದು ಅಂತಾರ. ಏನ್ ಮಾಡ್ಲಿ?”

ಮುರುಗೇಶ್ ಅವಳ ಜಡೆಗೆ ಕೈ ಹಾಕಿದ. “ಪಾಸ್‌ವರ್ಡ್ ಬೊಗಳಲೇ!”

ಜಡೆ ಅವನ ಮುಷ್ಟಿಯಲ್ಲಿರುವಾಗಲೇ ಜಂಬಮ್ಮ ಫೋನಿನತ್ತ ಬಾಗಿದಳು.

“ಓದಣ್ಣಾ, ಸುಂಕಪ್ಪಣ್ಣಾ. ಜೋರಾಗಿ ಓದು.”